ಮೀನಿನ ಮೂಗಲ್ಲಿ ಏನೇನಿದೆ?

ಮೀನಿನ ವಾಸನೆ ನಮಗೆ ಗೊತ್ತು. ಮೀನಿಗೆ ವಾಸನೆ ಗೊತ್ತಾಗುತ್ತಾ? ಚೆನ್ನಾಗೇ ಗೊತ್ತಾಗುತ್ತೆ. ಮಾರ್ಕೆಟ್‌ಗೆ ಹೋದಾಗ ಮೀನಿನ ಕಣ್ಣಿನ ಮುಂದಿರೋ ಸಣ್ಣ ತೂತು ನೋಡಿ, ಅದೇ ಮೂಗು. ಉಸಿರಾಟಕ್ಕೆ ಕಿವಿರು ಇದೆ. ಮೂಗು ಬರೀ ವಾಸನೆಗೆ.

ವಾಸನೆ ಹಿಡಿಯೋದು ಮೂಗಿನೊಳಗಿನ ಗ್ರಾಹಕ ಪ್ರೋಟೀನ್‌ಗಳು. ಒಂದೊಂದು ಗ್ರಾಹಕಕ್ಕೂ ಒಂದೊಂದು ಜೀನ್. 1991ರಲ್ಲಿ ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ ಇಲಿಯಲ್ಲಿ ಈ ಜೀನ್‌ಗಳ ದೊಡ್ಡ ಕುಟುಂಬವನ್ನೇ ಪತ್ತೆ ಹಚ್ಚಿದರು. 2004ರಲ್ಲಿ ನೊಬೆಲ್ ಬಂತು.

ನಮ್ಮಲ್ಲಿ ಕೆಲಸ ಮಾಡೋ ಇಂಥ ಜೀನ್‌ಗಳು ಸುಮಾರು 400, ಜೀಬ್ರಾಫಿಶ್‌ನಲ್ಲಿ ಸುಮಾರು 150. ಹಾಗಾದ್ರೆ ನಾವೇ ಗೆದ್ವಾ? ಅಷ್ಟು ಬೇಗ ಖುಷಿಪಡಬೇಡಿ. ನಮಗೂ ಮೀನುಗಳಿಗೂ ಒಬ್ಬನೇ ಪೂರ್ವಜ. ಅವನಲ್ಲಿ ಕನಿಷ್ಠ 9 ಗುಂಪಿನ ಜೀನ್‌ಗಳಿದ್ದವು ಅಂತ 2005ರಲ್ಲಿ ನೀಮುರಾ ಮತ್ತು ನೇಯ್ ಎಂಬ ವಿಜ್ಞಾನಿಗಳು ತೋರಿಸಿದರು. ಮೀನುಗಳಲ್ಲಿ 8 ಗುಂಪು ಉಳಿದಿವೆ, ಸಸ್ತನಿಗಳಲ್ಲಿ ಎರಡೇ! ನೆಲಕ್ಕೆ ಬಂದ ಮೇಲೆ, ಗಾಳಿಯ ವಾಸನೆಗೆ ಒಗ್ಗುವ ಒಂದು ಗುಂಪನ್ನ ಜೆರಾಕ್ಸ್ ಮೇಲೆ ಜೆರಾಕ್ಸ್ ಮಾಡಿಕೊಂಡ್ವಿ. ಜೀಬ್ರಾಫಿಶ್‌ನಲ್ಲಿ ಆ ಗುಂಪಿನದು ಒಂದೇ ಒಂದು ಜೀನ್ ಇದೆ.

ಜೆರಾಕ್ಸ್ ಅಂದೆನಲ್ಲ, ವಿಕಾಸ ನಡೆಯೋದು ಹೀಗೇ. ಜೀನ್ ನಕಲಾಗುತ್ತೆ, ನಕಲು ಸ್ವಲ್ಪ ಬದಲಾಗಿ ಹೊಸ ವಾಸನೆ ಹಿಡಿಯುತ್ತೆ. ಬಳಕೆಗೆ ಬಾರದ್ದು ಕೆಟ್ಟು, ಡಿಎನ್‌ಎಯಲ್ಲೇ ಗುಜರಿ ಥರ ಬಿದ್ದಿರುತ್ತೆ. ಮೀನುಗಳ ನಡುವೆಯೇ ಎಷ್ಟು ಅಂತರ ನೋಡಿ. ಎಲ್ಲ ಬಗೆಯ ವಾಸನೆ ಗ್ರಾಹಕ ಸೇರಿಸಿ ಎಣಿಸಿದರೆ, ಕಡಲಕುದುರೆಯ ಸಂಬಂಧಿ ಪೈಪ್‌ಫಿಶ್‌ನ ಒಂದು ಜಾತಿಯಲ್ಲಿ ಬರೀ 28 ಜೀನ್. ಆಫ್ರಿಕಾದ ರೀಡ್‌ಫಿಶ್‌ನಲ್ಲಿ 1300ಕ್ಕೂ ಹೆಚ್ಚು! ಪೈಪ್‌ಫಿಶ್ ಕಣ್ಣಿಟ್ಟು ಬೇಟೆಯಾಡುತ್ತೆ; ಅದರ ಮೂಗಿನೊಳಗೆ ಮಡಿಕೆಗಳೇ ಇಲ್ಲ. ರೀಡ್‌ಫಿಶ್ ರಾತ್ರಿ ಓಡಾಡೋ ಪ್ರಾಣಿ, ಮೂಗಿನ ತುಂಬಾ ಮಡಿಕೆ. ನನಗಂತೂ ಈ ಜೋಡಿ ಬಹಳ ಇಷ್ಟ.

ಕೋಟ್ಯಂತರ ವರ್ಷ ಕೂಡಿಸಿದ್ದನ್ನ ಕೆಡಿಸೋಕೆ ಎಷ್ಟು ಹೊತ್ತು ಬೇಕು? ಸಾಲ್ಮನ್ ಮೀನು ಸಮುದ್ರದಿಂದ ವಾಪಸ್ ಬಂದು, ತಾನು ಹುಟ್ಟಿದ ಹೊಳೆಯನ್ನ ವಾಸನೆಯಿಂದಲೇ ಗುರುತಿಸುತ್ತೆ. ನೀರಲ್ಲಿ ಚೂರೇ ಚೂರು ತಾಮ್ರ ಕರಗಿದ್ದರೂ ಕೆಲವೇ ಗಂಟೆಗಳಲ್ಲಿ ಅದರ ಮೂಗು ಮಂಕಾಗುತ್ತೆ. ಜೀನ್‌ಗಳೆಲ್ಲ ಸರಿಯಾಗೇ ಇರುತ್ತವೆ, ಆದರೆ ಶತ್ರು ಹತ್ತಿರ ಬಂದಿದ್ದೂ ಮರಿಗೆ ಗೊತ್ತಾಗಲ್ಲ. ಆ ತಾಮ್ರ ಬರೋದೆಲ್ಲಿಂದ? ಒಂದು ಮೂಲ, ನಮ್ಮ ಕಾರುಗಳ ಬ್ರೇಕ್ ಪ್ಯಾಡ್ ಸವೆದ ಪುಡಿ. ಮಳೆ ಬಂದಾಗ ರಸ್ತೆಯಿಂದ ಹೊಳೆಗೆ ಹೋಗುತ್ತೆ. ಅದಕ್ಕೇ ಅಮೆರಿಕದ ವಾಷಿಂಗ್ಟನ್ ರಾಜ್ಯ 2010ರಲ್ಲಿ ಬ್ರೇಕ್ ಪ್ಯಾಡ್‌ನಲ್ಲಿ ತಾಮ್ರ ಕಡಿಮೆ ಮಾಡೋ ಕಾನೂನು ತಂತು.