ಗುಲಾಮರ ವ್ಯಾಪಾರ ಮತ್ತು ನಮ್ಮ ನಾಡಿನ ಸಿದ್ದಿಗಳು

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಜಟಿಂಗ ರಾಮೇಶ್ವರದ ಬೆಟ್ಟ ಹತ್ತದವರು ಈ ಸಭೆಯಲ್ಲಿ ಯಾರೂ ಇರಲಾರರು. ಅಲ್ಲಿನ ಅಶೋಕನ ಶಾಸನ ಬಹಳ ಸವೆದಿದೆ. ಅದರ ಜೊತೆಯದಾದ ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ, ಲಿಪಿಕಾರ. ಚಕ್ರವರ್ತಿಯ ಮಾತಿನ ಜೊತೆ ಒಬ್ಬ ಬರಹಗಾರನ ಹೆಸರೂ 2,200 ವರ್ಷ ಉಳಿದು ಬಂತು. ಈ ದಿನ ನಾನು ಹೇಳಬೇಕೆಂದಿರುವುದು ಹೆಸರೇ ಉಳಿಯದೆ ಹೋದವರ ವಿಚಾರ.

ಗುಲಾಮರ ವ್ಯಾಪಾರ ಎಂದರೆ ನಮಗೆ ಅಮೆರಿಕ ನೆನಪಾಗುತ್ತದೆ. ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದ ಆಫ್ರಿಕನ್ನರು ಸುಮಾರು 1 ಕೋಟಿ 25 ಲಕ್ಷ. ದಡ ಕಂಡವರು ಸುಮಾರು 1 ಕೋಟಿ 7 ಲಕ್ಷ. ಉಳಿದವರು ದಾರಿಯಲ್ಲೇ ಸತ್ತರು. ಆದರೆ ಅದಕ್ಕಿಂತ ಹಳೆಯ ವ್ಯಾಪಾರ ನಮ್ಮ ಕಡೆಯ ಸಮುದ್ರದಲ್ಲೇ ಇತ್ತು. ಅರಬ್ ವರ್ತಕರು, ಆಮೇಲೆ ಪೋರ್ಚುಗೀಸರು, ಪೂರ್ವ ಆಫ್ರಿಕದ ಜನರನ್ನು ನಮ್ಮ ಕರಾವಳಿಗೆ ತಂದು ಮಾರಿದರು.

ಅವರಲ್ಲಿ ಒಬ್ಬ ಇಥಿಯೋಪಿಯಾದ ಹುಡುಗ. ಹುಟ್ಟುಹೆಸರು ಚಾಪು ಎನ್ನುತ್ತಾರೆ. ಕೈಯಿಂದ ಕೈಗೆ ಮಾರಾಟವಾದ. ಕೊಂಡವನೊಬ್ಬ ಅಂಬರ್ ಎಂದು ಕರೆದ. ಅದು ಒಂದು ಸುಗಂಧ ವಸ್ತುವಿನ ಹೆಸರು. ಮನುಷ್ಯನಿಗೆ ಸರಕಿನ ಹೆಸರು! ಅವನೇ ಮುಂದೆ ಅಹಮದ್‌ನಗರ ರಾಜ್ಯವನ್ನು ನಡೆಸಿ, ಮೊಗಲರನ್ನು ವರ್ಷಗಟ್ಟಲೆ ತಡೆದು, 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್. ಇಂಥವರು ಕೆಲವರೇ. ಅವರ ಕಥೆ ಹೇಳಿ, ಗುಲಾಮನೂ ದೊರೆಯಾಗುತ್ತಿದ್ದ ಎಂದು ಸಮಾಧಾನಪಡುವುದು ನನಗೆ ಒಪ್ಪಿಗೆಯಿಲ್ಲ.

ಆಫ್ರಿಕದಲ್ಲಿ ಉಳಿದವರ ಗತಿಯೇನು? ಬೆನಿನ್ ದೇಶದ ಲಿಯೊನಾರ್ಡ್ ವಾಂಚೆಕಾನ್, ನೇಥನ್ ನನ್ ಎಂಬ ಇಬ್ಬರು ವಿದ್ವಾಂಸರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗುಲಾಮರ ವ್ಯಾಪಾರಕ್ಕೆ ಹೆಚ್ಚು ಜನರನ್ನು ಕಳೆದುಕೊಂಡ ಸಮುದಾಯಗಳಲ್ಲಿ ಇಂದಿಗೂ ನೆರೆಯವರ ಮೇಲೆ, ನೆಂಟರ ಮೇಲೆ ಸಹ ನಂಬಿಕೆ ಕಡಿಮೆ ಎಂದು ಕಂಡುಕೊಂಡರು. ಹಿಡಿದು ಮಾರಿದವರಲ್ಲಿ ನೆರೆಯವರೂ ನೆಂಟರೂ ಇದ್ದರಲ್ಲ! ಊರಿಗೆ ಊರೇ ನೆರೆಯ ನಂಬಿಕೆಯಿಂದ ಬದುಕುವ ನಮಗೆ ಈ ನಷ್ಟ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ನಮ್ಮವರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳು. ಗೋವಾದ ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಅವರಲ್ಲಿ ಬಹಳ. ಸಿದ್ದಿ ಎಂಬುದಕ್ಕೂ ನಮ್ಮ ಸಿದ್ದಾಪುರದ ಸಿದ್ಧನಿಗೂ ಸಂಬಂಧವಿಲ್ಲ. 'ನನ್ನೊಡೆಯ' ಎಂಬ ಅರ್ಥದ ಅರಬ್ಬಿ ಮಾತಿನಿಂದ ಬಂದದ್ದೆಂದು ತಿಳಿದವರು ಹೇಳುತ್ತಾರೆ. ಒಡೆತನಕ್ಕೆ ಸಿಕ್ಕವರಿಗೆ ಒಡೆಯನ ಹೆಸರು ಅಂಟಿತು. ತಾಯ್ನುಡಿ ಹೋಯಿತು, ಈಗ ಕೊಂಕಣಿ, ಕನ್ನಡ ಆಡುತ್ತಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಮೂಲದ ಊರು ಯಾವುದು, ಮುತ್ತಜ್ಜನ ಹೆಸರೇನು ಎಂದರೆ ಉತ್ತರವಿಲ್ಲ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನಲ್ಲಿ ಕುಳಿತದ್ದು 2020ರಲ್ಲಿ. ಇಂದಿಗೂ ಬಸ್ಸಿನಲ್ಲಿ ಅವರನ್ನು "ಯಾವ ದೇಶ?" ಎಂದು ಕೇಳುವವರಿದ್ದಾರೆ. ಉತ್ತರ ಕನ್ನಡದಲ್ಲೇ ಬರುತ್ತದೆ.

ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ. ಮಕ್ಕಳ ಪ್ರವಾಸ ಜೋಗಕ್ಕೆ ಹೋಗುವುದು ವಾಡಿಕೆ. ಒಂದು ವರ್ಷ ಬಸ್ಸನ್ನು ಯಲ್ಲಾಪುರದ ಕಡೆಗೂ ತಿರುಗಿಸಿ, ಸಿದ್ದಿ ಮಕ್ಕಳು ಓದುವ ಒಂದು ಸರ್ಕಾರಿ ಶಾಲೆಯಲ್ಲಿ ಅರ್ಧ ದಿನ ನಿಲ್ಲಿಸಿ. ಮಕ್ಕಳು ಜೊತೆಗೆ ಊಟ ಮಾಡಲಿ, ಒಂದಾಟ ಕಬಡ್ಡಿ ಆಡಲಿ. ಬಸ್ಸಿನ ಖರ್ಚಿಗೆ ನನ್ನ ಪಾಲು ಈಗಲೇ ಬರೆದುಕೊಳ್ಳಿ.