ಗಿಳಿವಿಂಡಿಗೆ ಗಿಳಿಯ ಚಿತ್ರ ಬೇಡ

(ಜಯನಗರದಲ್ಲಿ ಸೇರಿದ್ದ ಕನ್ನಡ ತರುಣರ ಮುಂದೆ ಆಡಿದ ಮಾತುಗಳ ಬರಹರೂಪ)



ನಾಮಫಲಕದ ಹೋರಾಟ ಏನೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಫಲಕದ ಮೇಲ್ಭಾಗದಲ್ಲಿ, ನೂರಕ್ಕೆ 60 ಪಾಲು ಕನ್ನಡ ಇರಬೇಕೆಂದು 2024ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಸಂತೋಷ. ಆದರೆ ಇದೇ ನಾಲ್ಕನೇ ಬ್ಲಾಕಿನಲ್ಲಿ ಒಂದು ಸುತ್ತು ಹಾಕಿ ಬನ್ನಿ. ಎಷ್ಟೋ ಕಡೆ ಇಂಗ್ಲಿಷ್ ಹೆಸರನ್ನು ಕಲಾವಿದ ಪ್ರೀತಿಯಿಂದ ಬರೆದಿದ್ದಾನೆ. ಕನ್ನಡವನ್ನು ಮಾತ್ರ ಗಣಕದಲ್ಲಿ ಕೈಗೆ ಸಿಕ್ಕ ಅಚ್ಚಿನಲ್ಲಿ ಹೊಡೆದು, ಅಡ್ಡಕ್ಕೆ ಎಳೆದು ಅಂಟಿಸಿದ್ದಾರೆ. ಅದು ಕಾಯಿದೆಗೆ ಕಟ್ಟಿದ ದಂಡ, ಕನ್ನಡದ ಅಭಿಮಾನವಲ್ಲ!

ಇವತ್ತು ನಾನು ಅಂಗಡಿಗಳ ವಿಷಯ ಬಿಟ್ಟು ಒಂದು ಮನೆಯ ವಿಷಯ ಮಾತಾಡುತ್ತೇನೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಬಾಳಿದ ಮನೆ ಇದೆ. ಈಗ ಅದು ಸ್ಮಾರಕ. ಅದರ ಹೆಸರು 'ಗಿಳಿವಿಂಡು'. 1930ರಲ್ಲಿ ಬಂದ ಅವರ ಕವನ ಸಂಕಲನದ ಹೆಸರು. 1911ರಷ್ಟು ಹಿಂದೆಯೇ ಪ್ರಾಸ ಬಿಟ್ಟು ಕವಿತೆ ಬರೆದ ಗಂಡುಗಲಿ ಈತ. 1949ರಲ್ಲಿ ಮದರಾಸು ಸರ್ಕಾರ ರಾಷ್ಟ್ರಕವಿ ಎಂದು ಗೌರವಿಸಿತು. 1956ರ ನವೆಂಬರ್ 1ರಂದು ನಾವು ಇಲ್ಲಿ ಏಕೀಕರಣದ ಹಬ್ಬ ಮಾಡಿದ ದಿನವೇ ಅವರ ಊರು ಕೇರಳದ ಪಾಲಾಯಿತು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನೆಲ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿದ್ದೂ ಕಾಗದದಲ್ಲೇ ಉಳಿಯಿತು. ಪೈಗಳು 1963ರಲ್ಲೇ ತೀರಿಕೊಂಡಿದ್ದರು.

ಇಂಥ ಮನೆಗೆ ಹೊಸ ಲಾಂಛನ, ಪತ್ರದ ಹಾಳೆ, ಲಕೋಟೆ, ರಸೀದಿ ಪುಸ್ತಕ ಮಾಡಿಕೊಡಿ ಎಂದು ಯಾರಾದರೂ ನಿಮ್ಮನ್ನು ಕೇಳಿದರು ಎನ್ನಿ. ಜೆ.ಪಿ. ನಗರದಲ್ಲೋ ಬನಶಂಕರಿಯಲ್ಲೋ ಗಣಕದ ಮುಂದೆ ಕೂತ ನಮ್ಮ ಹುಡುಗ ಮೊದಲು ಏನು ಮಾಡುತ್ತಾನೆ? ಒಂದು ವೃತ್ತ ಹಾಕುತ್ತಾನೆ. ಒಳಗೆ ಇಂಗ್ಲಿಷಿನ ಜಿ ಮತ್ತು ಪಿ. ಪಕ್ಕದಲ್ಲೊಂದು ಹಸಿರು ಗಿಳಿ. ಕೆಳಗೆ ಇರುವೆಯ ಸಾಲಿನಂತೆ ಕನ್ನಡ. ಮುಗಿಯಿತು, ಬಿಲ್ಲು ಕಳಿಸಿದ!

ಅಯ್ಯಾ, 'ಗಿಳಿವಿಂಡು' ಎಂದು ಒಮ್ಮೆ ಕೈಯಲ್ಲಿ ಬರೆದು ನೋಡು. ಗಿ, ಳಿ, ವಿ. ಸಾಲಾಗಿ ಮೂರು ಗುಡಿಸು, ಮೂರು ತಲೆ, ಮೂರು ಕೊಕ್ಕು. ನಡುವೆ ಸೊನ್ನೆ, ಹಣ್ಣಿನ ಹಾಗೆ. ಕೊನೆಯ ಡು ಕೊಂಬು ಎಳೆದು ಬಾಲ ಬಿಡುತ್ತದೆ. ಗಿಳಿಗಳ ಹಿಂಡು ಆ ಪದದಲ್ಲೇ ಕೂತಿದೆ, ಬೇರೆ ಗಿಳಿ ಯಾಕೆ ಬೇಕು? ಇಂಗ್ಲಿಷಿನಲ್ಲಿ ಈ ಹೆಸರು ಬರೆದರೆ ಸದ್ದು ಸಿಗುತ್ತದೆ, ಹಿಂಡು ಸಿಗುವುದಿಲ್ಲ. ಕುಪ್ಪಳಿಯ ಕವಿಶೈಲದಲ್ಲಿ ಬಂಡೆಯೇ ಗುರುತಾದ ಹಾಗೆ ಇಲ್ಲಿ ಅಕ್ಷರವೇ ಗುರುತಾಗಬೇಕು.

ಇನ್ನು ಪತ್ರದ ಹಾಳೆ. ಮನೆ ಮಂಜೇಶ್ವರ ಬಿಟ್ಟು ಹೋಗುವುದಿಲ್ಲ, ಹಾಳೆ ಹೋಗುತ್ತದೆ. ತಿರುವನಂತಪುರದ ಅಧಿಕಾರಿಯ ಮೇಜಿನ ಮೇಲೆ ಅದು ಬಿದ್ದಾಗ ತಲೆಯ ಮೇಲೆ ಮೊದಲು ಕಾಣುವುದು ಕನ್ನಡವಾಗಿದ್ದರೆ, ಅಲ್ಲಿ ಕನ್ನಡಿಗರಿದ್ದಾರೆ ಎಂಬ ಸಾಕ್ಷಿ ಅರ್ಜಿಯ ಒಕ್ಕಣೆಗಿಂತ ಮುಂಚೆಯೇ ಸಿಕ್ಕಿತು. ಕೆಳಗೆ ಮಲಯಾಳವೂ ಇರಲಿ, ಇಂಗ್ಲಿಷೂ ಇರಲಿ. ಇದಕ್ಕೆ ಕೆಲವರು ಮುಖ ಸಿಂಡರಿಸಬಹುದು. ಹತ್ತಾರು ಭಾಷೆ ಬಲ್ಲ ಪೈಗಳ ಮನೆಯಲ್ಲಿ ಪಕ್ಕದ ಮನೆಯವರ ಲಿಪಿಗೆ ಜಾಗವಿಲ್ಲ ಎನ್ನುವುದು ಅವರಿಗೇ ಅವಮಾನ. ಮಲಯಾಳಿಗಳಿಂದ ಕಲಿಯುವುದೂ ಇದೆ. 1970ರ ದಶಕದಲ್ಲಿ ಬೆರಳಚ್ಚು ಯಂತ್ರಕ್ಕಾಗಿ ಅವರ ಲಿಪಿಯನ್ನು ಕತ್ತರಿಸಿದರು. 1999ರಲ್ಲಿ 'ರಚನಾ' ಎಂಬ ಚಳವಳಿ ಕಟ್ಟಿ ಹಳೆಯ ಲಿಪಿಯನ್ನು ಗಣಕಕ್ಕೆ ವಾಪಸು ತಂದರು. ಅಕ್ಷರದ ಚೆಲುವಿಗಾಗಿ ನಾವು ಎಂದಾದರೂ ಬೀದಿಗಿಳಿದಿದ್ದೇವೆಯೆ?

ಕೆಲಸದ ಒಂದೆರಡು ಮಾತು. 'ರಾಷ್ಟ್ರಕವಿ' ಎಂದು ಬರೆದರೆ ಷ ಅಕ್ಷರಕ್ಕೆ ಟ ಒತ್ತು, ಮೇಲೆ ರ ಒತ್ತು. ಇಂಗ್ಲಿಷಿನ ಅಳತೆಗೆ ಸಾಲುಗಳನ್ನು ಒತ್ತಿಟ್ಟರೆ ಈ ಒತ್ತು ಕೆಳಸಾಲಿನ ಗುಡಿಸಿಗೆ ಗುದ್ದುತ್ತದೆ. ಆದ್ದರಿಂದ ಮೊದಲು ಕನ್ನಡಕ್ಕೆ ಜಾಗ ಅಳೆಯಿರಿ, ಉಳಿದ ಭಾಷೆಗಳು ಹೊಂದಿಕೊಳ್ಳಲಿ. ಹೆಸರನ್ನು ಕೈಯಲ್ಲೇ ಬರೆಯಿರಿ. ಪತ್ರದ ಒಕ್ಕಣೆಯನ್ನು ಮಾತ್ರ ಯೂನಿಕೋಡಿನಲ್ಲೇ ಹೊಡೆಯಬೇಕು. ಮುದ್ರಣಾಲಯದ ಹಳೆಯ ಅಚ್ಚಿನಲ್ಲಿ ಹೊಡೆದದ್ದು ಇನ್ನೊಬ್ಬರ ಗಣಕದಲ್ಲಿ ತೆರೆದರೆ ಕಸದ ರಾಶಿ. ಕನ್ನಡದಲ್ಲಿ ಬರೆದರೆ ಓದಲಾಗುವುದಿಲ್ಲ ಎಂದು ಹೇಳುವವರ ಕೈಗೆ ನಾವೇ ನೆಪ ಕೊಟ್ಟಂತಾಗುತ್ತದೆ.

ಬಣ್ಣ ಒಂದೇ ಸಾಕು. ಅದನ್ನು ರಬ್ಬರ್ ಮುದ್ರೆ ಮಾಡಿಸಿ ಅಗ್ಗದ ರಸೀದಿ ಕಾಗದದ ಮೇಲೆ ಒತ್ತಿ ನೋಡಿ. ಮೂರು ಗುಡಿಸೂ ಕಲಸಿಹೋಗದೆ ಬಿದ್ದರೆ ಲಾಂಛನ ಸಿದ್ಧ; ಕಲಸಿದರೆ ಹರಿದುಹಾಕಿ ಮತ್ತೆ ಬರೆಯಿರಿ. ಕಾಗದ ಪೆನ್ಸಿಲು ಇಲ್ಲೇ ಇದೆ, ಬರೆಯಲು ಶುರು ಮಾಡಿ.