ಕೇಳದೆ ಉಳಿದ ಪ್ರಶ್ನೆ



ಇಂದು ನಾವು ಆಡಲಿರುವ ಮಾತು ಮಠದ ವೇದಿಕೆಯಿಂದ ಸಾಮಾನ್ಯವಾಗಿ ಕೇಳಿಬರುವಂಥದಲ್ಲ. ಅದು ಕಸಾಯಿಖಾನೆಯ ಮಾತು. ಮಾಂಸ ಮುಟ್ಟದವರ ಮುಂದೆ ಈ ವಿಷಯವೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಮಗೂ ಬಹಳ ಕಾಲ ಹಾಗೆಯೇ ಅನ್ನಿಸಿತ್ತು.

ಹಲವು ವರ್ಷಗಳ ಹಿಂದೆ ಮಠದ ಹೊಲ ಉಳುತ್ತಿದ್ದ ಎತ್ತೊಂದಿತ್ತು. ಕಾರಹುಣ್ಣಿಮೆಯಲ್ಲಿ ಅದರ ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ ಮೆರೆಸಿದವರು ನಾವೇ. ಅದಕ್ಕೆ ಮುಪ್ಪು ಬಂತು, ನೊಗಕ್ಕೆ ಹೆಗಲು ಕೊಡಲಾರದಾಯಿತು. ಒಂದು ದಿನ ನೋಡಿದರೆ ಗೋದಲಿ ಬರಿದಾಗಿತ್ತು. ವಿಚಾರಿಸಿದಾಗ, "ಸಂತೆಯಲ್ಲಿ ಕೊಟ್ಟೆವು ಬುದ್ಧಿ" ಎಂದರು. ಯಾರಿಗೆ ಕೊಟ್ಟಿರಿ ಎಂದು ನಾವು ಕೇಳಲಿಲ್ಲ. ಉತ್ತರ ಗೊತ್ತಿದ್ದುದರಿಂದಲೇ ಕೇಳಲಿಲ್ಲ. ಆ ಕೇಳದ ಪ್ರಶ್ನೆ ಇಂದಿಗೂ ನಮ್ಮೊಳಗೆ ಉಳಿದಿದೆ.

ನಾವು ಕೇಳದ ಪ್ರಶ್ನೆಯನ್ನು ದೂರದ ಅಮೆರಿಕೆಯಲ್ಲಿ ಒಬ್ಬ ಹೆಣ್ಣುಮಗಳು ಕೇಳಿದಳು. ಆಕೆಯ ಹೆಸರು ಟೆಂಪಲ್ ಗ್ರ್ಯಾಂಡಿನ್, ಹುಟ್ಟಿದ್ದು 1947ರಲ್ಲಿ. ಆಕೆಗೆ ಬಾಲ್ಯದಿಂದಲೇ ಆಟಿಸಂ ಇತ್ತು, ಮಾತು ಬಂದದ್ದೇ ತಡವಾಗಿ. ಶಬ್ದಗಳಿಂದಲ್ಲ, ಚಿತ್ರಗಳಿಂದ ಯೋಚಿಸುವ ಮನಸ್ಸು ಅವರದು. ಮುಂದೆ ಅವರು ಪಶುವಿಜ್ಞಾನ ಓದಿ ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ದನಗಳು ಕಸಾಯಿಖಾನೆಯ ಓಣಿಯಲ್ಲಿ ಏಕೆ ಬೆದರಿ ನಿಲ್ಲುತ್ತವೆ? ಇದನ್ನು ತಿಳಿಯಲು ಅವರು ತಾವೇ ಆ ಓಣಿಗೆ ಇಳಿದು, ದನದ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿದರು. ಕಂಡದ್ದೇನು? ನೇತಾಡುವ ಒಂದು ಸರಪಳಿ, ನೆಲದ ನೀರಿನಲ್ಲಿ ಥಳಥಳಿಸುವ ಬೆಳಕು, ಬೇಲಿಯ ಮೇಲೆ ಯಾರೋ ಹಾಕಿಹೋದ ಅಂಗಿ, ಅಡ್ಡಬಿದ್ದ ನೆರಳು. ಇಷ್ಟು ಸಾಕು, ದನ ನಿಂತುಬಿಡುತ್ತದೆ. ನಿಂತ ದನಕ್ಕೆ ಹೊಡೆತ, ವಿದ್ಯುತ್ ಕೋಲಿನ ತಿವಿತ. ಸರಪಳಿಯನ್ನು ಕಟ್ಟಿಬಿಟ್ಟರೆ ಮುಗಿಯುವ ಸಂಕಟಕ್ಕೆ ಜೀವವನ್ನು ಹಿಂಸಿಸುತ್ತಿದ್ದರು.

ನಿಮ್ಮಲ್ಲಿ ಒಕ್ಕಲುಮಕ್ಕಳೇ ಹೆಚ್ಚು. ಎತ್ತಿನ ಹೆಗಲಿನ ಹಿಂದೆ ನಿಂತರೆ ಅದು ಮುಂದಕ್ಕೆ ಹೋಗುತ್ತದೆ, ಮುಂದೆ ನಿಂತರೆ ಹಿಂದಕ್ಕೆ ಸರಿಯುತ್ತದೆ ಎಂಬುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಬಂದ ಕಡೆಗೇ ತಿರುಗಿ ಹೋಗಬೇಕೆಂಬುದು ದನದ ಸ್ವಭಾವ. ಗ್ರ್ಯಾಂಡಿನ್ ಅವರು ಇದನ್ನೇ ಆಧಾರವಾಗಿಟ್ಟು ಬಾಗಿದ ಓಣಿಗಳನ್ನು, ಹೊರಗಿನದು ಕಾಣದಂಥ ಗಟ್ಟಿ ಗೋಡೆಗಳನ್ನು ಕಟ್ಟಿಸಿದರು. ಒಳಗೆ ಹೋದ ದನ ಹೆದರದೆ ನಡೆಯಿತು.

ಇನ್ನು ಕೊನೆಯ ಗಳಿಗೆ. ಕತ್ತಿ ತಾಗುವ ಮೊದಲೇ ಪ್ರಜ್ಞೆ ತಪ್ಪಿಸಬೇಕೆಂಬುದು ಹೊಸ ವಿಚಾರವಲ್ಲ. ಅಮೆರಿಕೆಯಲ್ಲಿ 1958ರಲ್ಲಿ ಈ ಬಗ್ಗೆ ಕಾಯಿದೆಯಾಯಿತು, 1978ರಲ್ಲಿ ಅದನ್ನು ವಿಸ್ತರಿಸಿದರು. ಧಾರ್ಮಿಕ ವಿಧಿಯಂತೆ ನಡೆಯುವ ವಧೆಗೆ ಮಾತ್ರ ವಿನಾಯಿತಿ ಉಂಟು. ಹಣೆಗೆ ಒತ್ತಿ ಹಿಡಿಯುವ ಪಿಸ್ತೂಲಿನಂಥ ಉಪಕರಣದಿಂದ ಉಕ್ಕಿನ ಸಲಾಕೆಯೊಂದು ಚಿಮ್ಮಿ ಹಿಂದಕ್ಕೆ ಸರಿಯುತ್ತದೆ. ಸರಿಯಾದ ಜಾಗಕ್ಕೆ ಬಿದ್ದರೆ ಆ ಕ್ಷಣವೇ ಅರಿವು ಹೋಗುತ್ತದೆ. ತಪ್ಪಿದರೆ? ಅದನ್ನು ನಾವು ವರ್ಣಿಸುವುದಿಲ್ಲ. 1996ರಲ್ಲಿ ಸರ್ಕಾರದ ಪರವಾಗಿ ಗ್ರ್ಯಾಂಡಿನ್ ಅವರು ಹಲವು ಕಸಾಯಿಖಾನೆಗಳನ್ನು ನೋಡಿಬಂದರು. ನೂರರಲ್ಲಿ 95 ದನಗಳಿಗಾದರೂ ಮೊದಲ ಪೆಟ್ಟಿಗೇ ಅರಿವು ತಪ್ಪಿಸುತ್ತಿದ್ದವು ಸುಮಾರು ಮೂರನೇ ಒಂದು ಪಾಲು ಮಾತ್ರ. ಮುಖ್ಯ ಕಾರಣ ಕ್ರೌರ್ಯವಲ್ಲ. ಉಪಕರಣವನ್ನು ಶುಚಿಮಾಡಿ ಸರಿಯಾಗಿಡದ ಉದಾಸೀನ! ಅವರು ಎಣಿಸಲು ಹೇಳಿಕೊಟ್ಟರು: ಎಷ್ಟು ದನ ಕೂಗಿದವು, ಎಷ್ಟು ಜಾರಿ ಬಿದ್ದವು, ಎಷ್ಟಕ್ಕೆ ಕೋಲು ತಿವಿದಿರಿ? 1999ರಲ್ಲಿ ಮಾಂಸ ಕೊಳ್ಳುವ ದೊಡ್ಡ ಕಂಪನಿಗಳು ಈ ಲೆಕ್ಕ ಕೇಳತೊಡಗಿದೊಡನೆ ಹೆಚ್ಚಿನ ಕಸಾಯಿಖಾನೆಗಳು ಸುಧಾರಿಸಿದವು. ಲೆಕ್ಕ ಕೇಳುವವರಿದ್ದರೆ ಕೈ ತಾನಾಗಿ ಮೃದುವಾಗುತ್ತದೆ.

"ಹಾಗಾದರೆ ನೋವಿಲ್ಲದೆ ಕೊಂದರೆ ಕೊಲ್ಲಬಹುದೆ ಬುದ್ಧಿ?" ಎಂದು ನೀವು ಕೇಳಬಹುದು. ಇಲ್ಲ, ನಾವು ಒಪ್ಪುವುದಿಲ್ಲ. ಆದರೆ ನಮ್ಮ ಒಪ್ಪಿಗೆಗಾಗಿ ಯಾವ ಕಸಾಯಿಖಾನೆಯೂ ಕಾದು ನಿಂತಿಲ್ಲ. ಸಾಯುವವನ ಬಾಯಿಗೆ ನೀರು ಬಿಟ್ಟವನು ಸಾವನ್ನು ಬಯಸಿದವನಲ್ಲ. ತಪ್ಪಿಸಲಾಗದ ಸಾವಿನಲ್ಲಿ ತಪ್ಪಿಸಬಹುದಾದ ನೋವನ್ನು ತಪ್ಪಿಸುವುದೂ ದಯೆಯೇ. ದಯೆಗೂ ಧರ್ಮಕ್ಕೂ ಏನು ಸಂಬಂಧವೆಂದು ಬಸವಣ್ಣನವರ ಮಕ್ಕಳಾದ ನಿಮಗೆ ನಾವು ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿಯೂ ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆ 1960ರಿಂದ ಇದೆ. ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ಸಾಗಿಸಬಾರದೆಂದು 1978ರ ನಿಯಮ ಹೇಳುತ್ತದೆ. ಗಬ್ಬದ ಪಶುವನ್ನು ಕೊಲ್ಲಬಾರದು, ಒಂದರ ಕಣ್ಣೆದುರು ಇನ್ನೊಂದನ್ನು ಕೊಲ್ಲಬಾರದು ಎಂದು 2001ರ ನಿಯಮ ಹೇಳುತ್ತದೆ. ನಮ್ಮ ರಾಜ್ಯದ 2020ರ ಕಾಯಿದೆ ಹಸು, ಎತ್ತುಗಳ ವಧೆಯನ್ನೇ ನಿಷೇಧಿಸಿದೆ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಆ ರಕ್ಷಣೆ ಇಲ್ಲ. ಎಮ್ಮೆಗೆ ನೋವು ಕಡಿಮೆಯೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನಮ್ಮ ಬುದ್ಧಿಗೂ ಅನ್ವಯಿಸದಿರಲಿ.

ಕಟುಕನನ್ನು ಬಯ್ಯುವುದು ಸುಲಭ. ಆದರೆ ಹಗ್ಗ ಬಿಚ್ಚಿ ಕೊಟ್ಟ ಕೈ ಯಾರದು? ಹಣ ಎಣಿಸಿಕೊಂಡ ಕೈ ಯಾರದು? ಆ ಎತ್ತು ಹೋದ ಮೇಲೆ ಮಠದ ಕೊಟ್ಟಿಗೆಯಿಂದ ಮುದಿ ದನ ಸಂತೆಗೆ ಹೋಗಿಲ್ಲ. ಇದು ಹೆಚ್ಚುಗಾರಿಕೆಯ ಮಾತಲ್ಲ, ತಡವಾಗಿ ಸಲ್ಲಿಸುತ್ತಿರುವ ಸಾಲ. ನಿಮ್ಮಲ್ಲಿ ಶಕ್ತಿಯಿದ್ದವರು ದುಡಿದ ದನವನ್ನು ಅದರ ಗೋದಲಿಯಲ್ಲೇ ಕಣ್ಣು ಮುಚ್ಚಲು ಬಿಡಿ. ಶಕ್ತಿಯಿಲ್ಲದ ಬಡವರನ್ನು ನಾವು ದೂರುವುದಿಲ್ಲ. ಮಾರಲೇಬೇಕಾಗಿ ಬಂದರೆ ಯಾರಿಗೆ, ಎಲ್ಲಿಗೆ, ಹೇಗೆ ಎಂದಾದರೂ ಕೇಳಿರಿ. ನಾವು ಅಂದು ಕೇಳದೆ ಬಿಟ್ಟ ಪ್ರಶ್ನೆಯನ್ನು ನೀವು ಕೇಳುವಂತಾಗಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.